ಪೀಪಾಯಿಯೊಳಗಿನ ಪಂಚಮ

ಮನೆ ಕಟ್ಟುವ ಕಡೆ ನೀರು ತುಂಬಿಡಲು ತಂದಿಟ್ಟ 200 ಲೀಟರಿನ ಕಬ್ಬಿಣದ ಪೀಪಾಯಿಯನ್ನು ನೋಡದವರಿಲ್ಲ. ಗಾರೆಯವರು ಕರಣೆಯಿಂದ ಕುಟ್ಟಿದರೆ 'ಢಣ್' ಎನ್ನುತ್ತದೆ, ಅಷ್ಟೆ. ಅಂಥದೇ ಪೀಪಾಯಿಯ ತಳದಿಂದ ಎರಡು ಸ್ಥಾಯಿ ಮೀರಿದ ಸ್ವರಗಳನ್ನು ಎಬ್ಬಿಸಿದವರು ಟ್ರಿನಿಡಾಡಿನ ಬಡಕೇರಿಗಳ ಹುಡುಗರು. ಆ ವಾದ್ಯದ ಹೆಸರು ಸ್ಟೀಲ್ ಪ್ಯಾನ್. ನುಡಿಸುವವರ ಬಾಯಲ್ಲಿ ಬರೀ ಪ್ಯಾನ್.

ಟ್ರಿನಿಡಾಡ್ ಸೇರಿದ ವೆಸ್ಟ್ ಇಂಡೀಸ್ ಎಂಬ ದೇಶ ಭೂಪಟದಲ್ಲಿಲ್ಲ, ಕ್ರಿಕೆಟ್ ಮೈದಾನದಲ್ಲಿದೆ. ಬಾರ್ಬಡೋಸ್‌ನವರು, ಜಮೈಕಾದವರು, ಗಯಾನಾದವರು ಊರಲ್ಲಿದ್ದಾಗ ತಂತಮ್ಮ ನಾಡಿನ ಹೆಸರನ್ನೇ ಹೇಳುತ್ತಾರೆ. ಅವರೆಲ್ಲ ಒಂದೇ ಹೆಸರಿನಡಿ ಬರುವ ಇನ್ನೊಂದು ಜಾಗ ನ್ಯೂಯಾರ್ಕಿನ ಬ್ರೂಕ್ಲಿನ್. ಅಲ್ಲಿ ಅವರು ಕೆರಿಬಿಯನ್-ಅಮೆರಿಕನ್ನರು. ಫ್ಲ್ಯಾಟ್‌ಬುಷ್, ಕ್ರೌನ್ ಹೈಟ್ಸ್ ಬಡಾವಣೆಗಳಲ್ಲಿ ಬೇಸಿಗೆಯಿಡೀ ತೆರೆದಿರುವ ಪ್ಯಾನ್‌ಯಾರ್ಡ್‌ಗಳಿಗೆ ಹೋದರೆ ಈ ಹೆಸರಿಗೆ ಅರ್ಥ ಬರುತ್ತದೆ.

ಪ್ಯಾನ್‌ಯಾರ್ಡ್ ಎಂದರೆ ಕಟ್ಟಡವಲ್ಲ, ಅಂಗಳ. ಖಾಲಿ ಸೈಟು, ವಾಹನ ನಿಲ್ಲಿಸುವ ಜಾಗ, ಗ್ಯಾರೇಜಿನ ಹಿತ್ತಿಲು, ಯಾವುದಾದರೂ ಸರಿ. ಸಂಜೆ ಕೆಲಸ ಮುಗಿಸಿದ ನರ್ಸು, ಬಸ್ ಚಾಲಕ, ರಜೆಯಲ್ಲಿರುವ ಶಾಲಾ ಮಕ್ಕಳು ಒಬ್ಬೊಬ್ಬರಾಗಿ ಬಂದು ತಮ್ಮ ಪ್ಯಾನಿನ ಹಿಂದೆ ನಿಲ್ಲುತ್ತಾರೆ. ಹೆಚ್ಚಿನವರ ಮುಂದೆ ಸ್ವರಲಿಪಿಯ ಹಾಳೆ ಇರುವುದಿಲ್ಲ. ಹಾಡನ್ನು ಹೊಂದಿಸುವ ಅರೇಂಜರ್ ಒಂದು ತುಣುಕು ನುಡಿಸಿ ತೋರಿಸುತ್ತಾನೆ, ಉಳಿದವರು ನೋಡಿ, ಕೇಳಿ ನುಡಿಸುತ್ತಾರೆ. ತಪ್ಪಿದರೆ ಮತ್ತೆ ಮೊದಲಿನಿಂದ. ನಮ್ಮ ಸಂಗೀತಗಾರರು ಪಾಠಾಂತರ ಎನ್ನುವುದು ಇದನ್ನೇ. ಅಮೆರಿಕದಲ್ಲೇ ಹುಟ್ಟಿ, ಅಜ್ಜಿಯ ದ್ವೀಪವನ್ನು ಒಮ್ಮೆಯೂ ಕಾಣದ ಮಗು ಆ ದ್ವೀಪದ ಲಯವನ್ನು ಕೈಗೆ ಹತ್ತಿಸಿಕೊಳ್ಳುವುದು ಹೀಗೆ.

ತಗಡಿನ ಗದ್ದೆ, ಸ್ವರದ ಬದು

ಪೀಪಾಯಿ ವಾದ್ಯವಾಗುವುದು ಟ್ಯೂನರನ ಕೈಯಲ್ಲಿ. ಮೊದಲು ಅದನ್ನು ಬೋರಲು ಹಾಕಿ, ತಳವನ್ನು ಸುತ್ತಿಗೆಯಿಂದ ಬಡಿಬಡಿದು ಒಳಕ್ಕೆ ತಗ್ಗಿಸಬೇಕು. ಟೆನರ್ ಪ್ಯಾನಿಗೆ ಸುಮಾರು 8 ಇಂಚಿನ ಆಳ ಬೇಕು. ಅವಸರಪಟ್ಟು ಒಂದೇ ಕಡೆ ಹೊಡೆದರೆ ತಗಡು ಸೀಳುತ್ತದೆ. ಸುತ್ತು ಹಾಕುತ್ತ, ಎಲ್ಲ ಕಡೆ ಸಮನಾಗಿ ಹಿಗ್ಗಿಸುತ್ತ ಹೋಗಬೇಕು. ತಳ ಬೋಗುಣಿಯಾದ ಮೇಲೆ ಸ್ವರಗಳ ಜಾಗ ಗುರುತಿಸಿ, ಮೊಂಡು ಮೊಳೆಯಂಥ ಉಪಕರಣದಿಂದ ಅವುಗಳ ಸುತ್ತ ಚುಕ್ಕಿ ಚುಕ್ಕಿಯಾಗಿ ಗೆರೆ ಕೊರೆಯುತ್ತಾರೆ. ಗದ್ದೆಗೆ ಬದು ಇದ್ದಂತೆ ಇದು. ಒಂದು ಸ್ವರದ ಕಂಪನ ಪಕ್ಕದ ಮಡಿಗೆ ನುಗ್ಗಬಾರದು. ಆಮೇಲೆ ಪೀಪಾಯಿಯ ಒಡಲನ್ನು ಬೇಕಾದ ಎತ್ತರಕ್ಕೆ ಕತ್ತರಿಸುತ್ತಾರೆ. ಟೆನರಿಗೆ ಗೇಣಿಗಿಂತ ಕಡಿಮೆ ಅಂಚು ಸಾಕು. ಬಾಸ್‌ಗಾದರೆ ಇಡೀ ಪೀಪಾಯಿಯೇ ಬೇಕು, ಅದೂ ಒಬ್ಬ ವಾದಕನಿಗೆ ಆರು ಅಥವಾ ಇನ್ನೂ ಹೆಚ್ಚು. ನಂತರ ಬೆಂಕಿಯಲ್ಲಿ ಕಾಯಿಸಿ ಉಕ್ಕನ್ನು ಹದಗೊಳಿಸುತ್ತಾರೆ.

ಕೊನೆಯದು ಶ್ರುತಿ. ಸಣ್ಣ ಸುತ್ತಿಗೆಯಿಂದ ಕೆಳಗಿನಿಂದೊಮ್ಮೆ, ಮೇಲಿನಿಂದೊಮ್ಮೆ ತಟ್ಟಿ, ಕಿವಿಗೊಟ್ಟು, ಮತ್ತೆ ತಟ್ಟುವ ಕೆಲಸ. ಮೂಲಸ್ವರವೊಂದೇ ಸರಿಯಾದರೆ ಸಾಲದು, ಅದರ ಮೇಲಿನ ಸ್ಥಾಯಿಯ ಅನುರಣನವೂ ಅದೇ ಮಡಿಯಲ್ಲಿ ಕೂಡಬೇಕು. ಇದನ್ನು ಕೂಡಿಸುವಷ್ಟರಲ್ಲಿ ಪಕ್ಕದ್ದು ಜಾರಿರುತ್ತದೆ.

ಪ್ಯಾನಿನ ಮೇಲೆ ಸ್ವರಗಳು ಹಾರ್ಮೋನಿಯಮ್ಮಿನ ಮನೆಗಳಂತೆ ಸಾಲಾಗಿ ಕೂತಿರುವುದಿಲ್ಲ. ಈಗ ಹೆಚ್ಚು ಬಳಕೆಯಲ್ಲಿರುವ ಟೆನರಿನಲ್ಲಿ ಷಡ್ಜದ ಪಕ್ಕ ರಿಷಭವಿಲ್ಲ. ಒಂದು ಮಗ್ಗುಲಿಗೆ ಪಂಚಮ, ಇನ್ನೊಂದು ಮಗ್ಗುಲಿಗೆ ಮಧ್ಯಮ. ಬದು ಎಷ್ಟೇ ಗಟ್ಟಿಯಾಗಿದ್ದರೂ ಪಕ್ಕದ ಸ್ವರ ಒಂದಿಷ್ಟು ನಡುಗಿಯೇ ನಡುಗುತ್ತದೆ. ನಡುಗುವುದಾದರೆ ಹೊಂದುವ ಸ್ವರವೇ ನಡುಗಲಿ ಎಂಬ ಜಾಣತನ ಇದು. ಜೇಡರ ಬಲೆಯನ್ನು ಹೋಲುವ ಈ ವಿನ್ಯಾಸಕ್ಕೆ ದಾರಿ ಹಾಕಿದವರು ಟ್ರಿನಿಡಾಡಿನ ಆಂಟನಿ ವಿಲಿಯಮ್ಸ್.

ಸದ್ದಿಗೆ ಜಾಗ ಹುಡುಕುತ್ತ

ಪ್ಯಾನಿನ ಕತೆಯೆಂದರೆ ಸದ್ದು ಮಾಡಲು ಜಾಗ ಹುಡುಕಿದವರ ಕತೆ. 1880ರ ದಶಕದಲ್ಲಿ ಬ್ರಿಟಿಷ್ ಆಡಳಿತ ಟ್ರಿನಿಡಾಡಿನ ಕಾರ್ನಿವಲ್ ಬೀದಿಗಳಲ್ಲಿ ಆಫ್ರಿಕನ್ ಮೂಲದವರ ಚರ್ಮವಾದ್ಯಗಳಿಗೆ ಕಡಿವಾಣ ಹಾಕಿತು. ಜನ ಬಿದಿರಿನ ಬೊಂಬುಗಳನ್ನು ನೆಲಕ್ಕೆ ಕುಟ್ಟಿ ತಾಳ ಹಾಕಿದರು. 1930ರ ದಶಕದಲ್ಲಿ ಬಿಸ್ಕತ್ತಿನ ಡಬ್ಬ, ಕಸದ ಡಬ್ಬದ ಮುಚ್ಚಳ ಬಂದವು. ಯುದ್ಧಕಾಲದಲ್ಲಿ ಕಾರ್ನಿವಲ್ಲೇ ನಿಂತುಹೋಯಿತು. 1945ರಲ್ಲಿ ಯುದ್ಧ ಮುಗಿದ ದಿನ ಲೋಹದ ತಂಡಗಳು ಬೀದಿ ತುಂಬ ನುಗ್ಗಿದವು. ಎಣ್ಣೆ ಪೀಪಾಯಿಯನ್ನು ಪ್ಯಾನಾಗಿಸಿದ ಮೊದಲಿಗರಲ್ಲಿ ಎಲೀ ಮ್ಯಾನೆಟ್ ಒಬ್ಬರು. ಆಗ ಪ್ಯಾನ್ ಹಿಡಿದವನೆಂದರೆ ಪುಂಡ ಎಂದೇ ಲೆಕ್ಕ. 1951ರಲ್ಲಿ ಲಂಡನ್ನಿನ ಉತ್ಸವಕ್ಕೆ ಒಂದು ತಂಡ ಹೋಗಿ ಬಂದ ಮೇಲೆ ಆ ನೋಟ ಬದಲಾಗತೊಡಗಿತು.

ಇತ್ತ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1920ರ ದಶಕದಿಂದಲೇ ವಲಸಿಗರು ಕಾರ್ನಿವಲ್ ನಡೆಸುತ್ತಿದ್ದರು. ಊರಿನ ಲೆಕ್ಕದಲ್ಲಿ ಅದು ಫೆಬ್ರವರಿ ಆಸುಪಾಸಿನ ಹಬ್ಬ. ನ್ಯೂಯಾರ್ಕಿನ ಫೆಬ್ರವರಿಯಲ್ಲಿ ಬೀದಿಗಿಳಿದರೆ ಮೈ ಮರಗಟ್ಟುತ್ತದೆ. ಅದಕ್ಕೇ ಮೊದಮೊದಲು ಸಭಾಂಗಣಗಳೊಳಗೆ ಕುಣಿದರು, 1940ರ ದಶಕದಲ್ಲಿ ಹಬ್ಬವನ್ನೇ ಸೆಪ್ಟೆಂಬರ್ ಮೊದಲ ಸೋಮವಾರದ ಕಾರ್ಮಿಕ ದಿನಕ್ಕೆ ತಂದು ಬೀದಿಗಿಳಿದರು. 1960ರ ದಶಕದಲ್ಲಿ ಗಲಾಟೆಯ ನೆಪದಲ್ಲಿ ಹಾರ್ಲೆಮ್‌ನ ಪರವಾನಗಿ ರದ್ದಾಯಿತು. ಅದೇ ದಶಕದ ಕೊನೆಗೆ, ಟ್ರಿನಿಡಾಡಿನಿಂದ ಬಂದ ಕಾರ್ಲೋಸ್ ಲೆಜಾಮಾ ಮತ್ತು ಸಂಗಡಿಗರು ಬ್ರೂಕ್ಲಿನ್ನಿನ ಅಗಲವಾದ ಈಸ್ಟರ್ನ್ ಪಾರ್ಕ್‌ವೇ ರಸ್ತೆಗೆ ಮೆರವಣಿಗೆಯನ್ನು ತಂದರು. 1965ರ ವಲಸೆ ಕಾನೂನು ಬಾಗಿಲು ತೆರೆದಿದ್ದರಿಂದ ದ್ವೀಪಗಳ ಜನ ಅಲೆಯಾಗಿ ಬರುತ್ತಿದ್ದ ಕಾಲವದು. ಮೆರವಣಿಗೆಗೆ ಎರಡು ದಿನ ಮೊದಲು, ಶನಿವಾರ ರಾತ್ರಿ, ಪ್ಯಾನ್ ತಂಡಗಳ ಸ್ಪರ್ಧೆ 'ಪನೋರಮಾ'. ಬೇಸಿಗೆಯಿಡೀ ಕೈ ಕೂಡಿಸಿದ ಒಂದೇ ಹಾಡಿಗೆ ಸಿಗುವುದು ಹತ್ತು ನಿಮಿಷದೊಳಗಿನ ಸಮಯ.

ಮುಂದೆ ಪ್ಯಾನಿನ ದನಿ ಅಡಗಿಸಿದ್ದು ಪೊಲೀಸರಲ್ಲ, ತಮ್ಮವರದೇ ಲಾರಿಗಳ ಮೇಲಿನ ಧ್ವನಿವರ್ಧಕಗಳು. ಪ್ಯಾನಿನವರು ಬೆಳಗಿನ ಜಾವಕ್ಕೆ ಸರಿದರು. ಸೋಮವಾರ ಹೊತ್ತು ಹುಟ್ಟುವ ಮುನ್ನ ಮೈಗೆ ಬಣ್ಣ, ಎಣ್ಣೆ, ಪೌಡರ್ ಬಳಿದುಕೊಂಡು ಹೊರಡುವ 'ಜೂವೆ' ಮೆರವಣಿಗೆಯಲ್ಲಿ ಧ್ವನಿವರ್ಧಕಕ್ಕೆ ಪ್ರವೇಶವಿಲ್ಲ. ಪ್ಯಾನ್, ಡೋಲು ಮತ್ತು ಕಾರಿನ ಹಳೇ ಬ್ರೇಕ್ ಡ್ರಮ್ಮಿನ ಕಣಕಣ ಮಾತ್ರ. ಹಿಂಸಾಚಾರದಲ್ಲಿ ಜೀವಗಳು ಹೋದ ಮೇಲೆ, 2017ರಿಂದ, ಅದನ್ನೂ ಬೆಳಿಗ್ಗೆ 6 ಗಂಟೆಗೆ ಮುಂದೂಡಲಾಯಿತು.

ಈ ಕತೆಯಲ್ಲಿ ನಮ್ಮ ಕಡೆಯ ಎಳೆಯೊಂದಿದೆ. 1845ರಿಂದ ಕಲ್ಕತ್ತಾ, ಮದ್ರಾಸ್ ಬಂದರುಗಳ ಮೂಲಕ ಕಬ್ಬಿನ ತೋಟಗಳಿಗೆ ಹೋದ ಭಾರತೀಯ ಕೂಲಿಗಳ ವಂಶದವರು ಇಂದು ಟ್ರಿನಿಡಾಡಿನ ಜನಸಂಖ್ಯೆಯಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು. ಅಂಥ ಮನೆಯ ಜಿತ್ ಸಮರೂ ಅಲ್ಲಿನ ರೆನೆಗೇಡ್ಸ್ ತಂಡಕ್ಕೆ ಹಾಡು ಹೊಂದಿಸಿ 9 ಸಲ ಅಲ್ಲಿನ ಪನೋರಮಾ ಗೆಲ್ಲಿಸಿದರು. ಬ್ರೂಕ್ಲಿನ್ನಿನಲ್ಲಿ ಎರಡು 'ಬಾರಾ'ಗಳ (ಕರಿದ ರೊಟ್ಟಿಗಳ) ಮೇಲೆ ಕಡಲೆಕಾಳಿನ ಪಲ್ಯ ಹಾಕಿ ಮಾರುವ 'ಡಬಲ್ಸ್' ಹುಟ್ಟಿದ್ದೂ ಈ ಜನರ ಒಲೆಯ ಮೇಲೆ.

ಗೌರವಗಳಿಗೇನೂ ಕೊರತೆಯಿಲ್ಲ. 1967ರಲ್ಲಿ ಅಮೆರಿಕಕ್ಕೆ ಬಂದ ಮ್ಯಾನೆಟ್ ಮುಂದೆ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಪ್ಯಾನ್ ತಯಾರಿಕೆ ಕಲಿಸಿದರು. 2006ರಿಂದ ಜೂನ್ ತಿಂಗಳು ಅಮೆರಿಕದಲ್ಲಿ ಕೆರಿಬಿಯನ್ ಪರಂಪರೆಯ ಮಾಸ. 2023ರಲ್ಲಿ ವಿಶ್ವಸಂಸ್ಥೆ ಆಗಸ್ಟ್ 11ನ್ನು ವಿಶ್ವ ಸ್ಟೀಲ್ ಪ್ಯಾನ್ ದಿನವೆಂದು ಸಾರಿತು. ಅಂಗಳದ ಪಾಡು ಬೇರೆ. ಬಾಡಿಗೆ ಏರಿದಂತೆ ಖಾಲಿ ಸೈಟುಗಳಲ್ಲಿ ಅಪಾರ್ಟ್‌ಮೆಂಟ್ ಏಳುತ್ತವೆ. ಹೊಸದಾಗಿ ಬಂದ ನೆರೆಯವರು ರಾತ್ರಿಯ ಸದ್ದಿನ ಬಗ್ಗೆ ದೂರು ಕೊಡುತ್ತಾರೆ. ತಂಡ ಗಂಟುಮೂಟೆ ಕಟ್ಟುತ್ತದೆ.

ಸೆಪ್ಟೆಂಬರ್ ಮುಗಿದರೆ ಪ್ಯಾನುಗಳು ಚಳಿಗಾಲಕ್ಕೆ ಒಳಗೆ ಸೇರುತ್ತವೆ. ಬೇಸಿಗೆಗೆ ಹೊರಬಂದಾಗ ಬೇಕಾಗುವುದು ಎರಡು: ಜಾರಿದ ಸ್ವರ ಕೂಡಿಸಲು ಒಬ್ಬ ಟ್ಯೂನರ್, ನುಡಿಸಲು ಒಂದು ಅಂಗಳ. ಟ್ಯೂನರ್ ಹೇಗೋ ಸಿಗುತ್ತಾನೆ.