ತಪ್ಪು ಕೈಯದಲ್ಲ, ಹಲ್ಲುಚಕ್ರದ್ದು

ಸವಳಂಗ ರಸ್ತೆಯ ನಮ್ಮ ಮನೆಯ ತಾರಸಿಗೆ ಈ ಜನವರಿಯ ಒಂದು ಸಂಜೆ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ದೂರದರ್ಶಕವನ್ನು ಹೊತ್ತು ತಂದಳು. ಜೊತೆಗೆ ಅವಳ ತಂದೆ. "ಸರ್, ಇಷ್ಟು ದುಡ್ಡು ಸುರಿದೆ. ಇವಳು ತೆಗೆದ ಒಂದು ಫೋಟೋನೂ ನೆಟ್ಟಗಿಲ್ಲ. ಮಾರಿಬಿಡೋಣ ಅಂತಿದೀನಿ" ಎಂದರು. ಫೋಟೋಗಳಲ್ಲಿ ನಕ್ಷತ್ರಗಳು ಚುಕ್ಕಿಗಳಾಗಿರದೆ ಅಕ್ಕಿಕಾಳಿನಂತೆ ಉದ್ದವಾಗಿದ್ದವು. ತನ್ನ ಕೈಯೇ ಸರಿಯಿಲ್ಲವೆಂದು ಹುಡುಗಿ ತೀರ್ಮಾನಿಸಿಬಿಟ್ಟಿದ್ದಳು.

ಕಾರಣ ಹುಡುಕುವ ಮೊದಲು ಸ್ವಲ್ಪ ಲೆಕ್ಕ. ಭೂಮಿ ಒಂದು ಸುತ್ತು ತಿರುಗಲು ಬೇಕಾದ ಕಾಲ 23 ಗಂಟೆ 56 ನಿಮಿಷ 4 ಸೆಕೆಂಡು. ಹೀಗಾಗಿ ಆಕಾಶ ಸೆಕೆಂಡಿಗೆ 15 ವಿಕಲೆಯಂತೆ ಪಶ್ಚಿಮಕ್ಕೆ ಸರಿದಂತೆ ಕಾಣುತ್ತದೆ. (ಡಿಗ್ರಿಯ 60ನೇ ಒಂದು ಭಾಗ ಕಲೆ, ಕಲೆಯ 60ನೇ ಒಂದು ಭಾಗ ವಿಕಲೆ, ಪಂಚಾಂಗ ನೋಡುವ ಮನೆಯವರಿಗೆ ಹೊಸ ಮಾತಲ್ಲ.) ದೂರದರ್ಶಕವನ್ನು ಹೊತ್ತ ಪೀಠವೂ ಅದೇ ವೇಗದಲ್ಲಿ ತಿರುಗಬೇಕು. ತಿರುಗಿಸುವುದು ಒಂದು ಪುಟ್ಟ ಮೋಟಾರು, ವರ್ಮ್ ಎಂಬ ತಿರುಪಿನಂಥ ದಂಡ, ಅದಕ್ಕೆ ಕಚ್ಚಿಕೊಂಡ ಹಲ್ಲುಚಕ್ರ. ವರ್ಮ್ ಒಂದು ಸುತ್ತು ಬಂದರೆ ಚಕ್ರ ಒಂದು ಹಲ್ಲು ಮುಂದೆ ಹೋಗುತ್ತದೆ. ಅವಳ ಪೀಠದ ಚಕ್ರಕ್ಕೆ 180 ಹಲ್ಲು. ಅಂದರೆ ವರ್ಮಿನ ಒಂದು ಸುತ್ತಿಗೆ ಸುಮಾರು 479 ಸೆಕೆಂಡು, ಹೆಚ್ಚುಕಡಿಮೆ 8 ನಿಮಿಷ.

ನನ್ನ ಮೊದಲ ಅನುಮಾನ ಪೀಠವನ್ನು ಇಟ್ಟ ದಿಕ್ಕಿನ ಮೇಲಿತ್ತು. ಶಿವಮೊಗ್ಗದಲ್ಲಿ ಧ್ರುವ ನಕ್ಷತ್ರ ಸುಮಾರು 14 ಡಿಗ್ರಿ ಎತ್ತರದಲ್ಲಷ್ಟೇ ಕಾಣುವುದು. ಮರ, ಮಾಳಿಗೆಗಳ ಮರೆಯಲ್ಲಿ ಗುರಿ ತಪ್ಪುವುದು ಸುಲಭ. ಹಾಗಾಗಿದ್ದರೆ ನಕ್ಷತ್ರ ಒಂದೇ ಕಡೆಗೆ ಜಾರುತ್ತಾ ಹೋಗಬೇಕು. ಮಹಾವ್ಯಾಧನ ನಡುಪಟ್ಟಿಯ ಒಂದು ನಕ್ಷತ್ರಕ್ಕೆ ಗುರಿಯಿಟ್ಟು, ಅರ್ಧ ನಿಮಿಷಕ್ಕೊಂದರಂತೆ 24 ನಿಮಿಷ ಫೋಟೋ ತೆಗೆದೆವು. ಚಿತ್ರದ ಅಂಚಿನಿಂದ ನಕ್ಷತ್ರಕ್ಕಿರುವ ದೂರವನ್ನು ಅಳೆದು ಅವಳೇ ಗ್ರಾಫ್ ಹಾಳೆಯ ಮೇಲೆ ಗುರುತಿಸಿದಳು. ಗೆರೆ ಒಂದೇ ಕಡೆಗೆ ಜಾರಲಿಲ್ಲ. ಏರಿತು, ಇಳಿಯಿತು, ಮತ್ತೆ ಏರಿತು. ಮೂರು ಅಲೆ, ಒಂದೊಂದೂ 8 ನಿಮಿಷದ್ದು!

ಕಳ್ಳ ಸಿಕ್ಕಿಬಿದ್ದ. ವರ್ಮಿನ ತಿರುಪು ಅದರ ಅಕ್ಷಕ್ಕೆ ಸರಿಯಾಗಿ ಕೂತಿರಲಿಲ್ಲ. ಅಲೆಯ ಎತ್ತರ 40 ವಿಕಲೆ. 4 ಸೆಂ.ಮೀ. ತ್ರಿಜ್ಯದ ಆ ಚಕ್ರದ ಅಂಚಿನಲ್ಲಿ ಒಂದು ವಿಕಲೆಯೆಂದರೆ ಮಿಲಿಮೀಟರಿನ ಐದು ಸಾವಿರದಲ್ಲೊಂದು ಪಾಲು. ಅಂದಮೇಲೆ 40 ವಿಕಲೆಯ ದೋಷಕ್ಕೆ ತಲೆಕೂದಲಿನ ದಪ್ಪದ ಹತ್ತನೇ ಒಂದಂಶ ಸಾಕು. ಭದ್ರಾವತಿಯಲ್ಲಿ ಲೇತ್ ಮುಂದೆ ನಿಂತು ದುಡಿದವರಿಗೆ ಇದು ಎಂಥ ಅಳತೆಯೆಂದು ಹೇಳಬೇಕಾಗಿಲ್ಲ.

"ಎಣ್ಣೆ ಹಾಕಿದರೆ ಹೋಗುತ್ತಾ?" ಎಂದರು ತಂದೆ. ಹಳೆಯ ಗ್ರೀಸ್ ಒರೆಸಿ ಹೊಸದು ಹಚ್ಚಿದರೆ ಜರ್ಕ್ ಕಡಿಮೆಯಾಗುತ್ತದೆ, ಅಲೆ ಹೋಗದು. ಆದರೆ ನಯವಾದ ಅಲೆ ಅಂಥ ಶತ್ರುವೇನಲ್ಲ. ಮುಂದೇನಾಗುತ್ತದೆಂದು ಗೊತ್ತಿರುವುದರಿಂದ ಮೋಟಾರಿನ ವೇಗವನ್ನು ತಿದ್ದಬಹುದು. ಸಣ್ಣದಾದರೂ ಥಟ್ಟನೆ ಬರುವ ಕುಲುಕೇ ಕಷ್ಟ. ಹಿಂದಿನ ಖಗೋಳಜ್ಞರು ರಾತ್ರಿಯಿಡೀ ಒಂದು ನಕ್ಷತ್ರಕ್ಕೆ ಕಣ್ಣು ನೆಟ್ಟು ಕೈಯಿಂದಲೇ ತಿದ್ದುತ್ತಿದ್ದರು. ಈಗ ಅದೇ ಕೆಲಸವನ್ನು ಕ್ಯಾಮೆರಾ ಮಾಡುತ್ತದೆ. ತಮಿಳುನಾಡಿನ ಕಾವಲೂರಿನಲ್ಲಿ 1986ರಲ್ಲಿ ಉದ್ಘಾಟನೆಯಾದ 2.34 ಮೀಟರ್ ವೈನು ಬಾಪು ದೂರದರ್ಶಕದ ಕನ್ನಡಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದನ್ನು ಹೊತ್ತು ತಿರುಗುವ ಪೀಠದ ಬಗ್ಗೆ ಕೇಳಿದ ಮಕ್ಕಳನ್ನು ನಾನಿನ್ನೂ ಕಂಡಿಲ್ಲ. ಅಂಗಡಿಯಲ್ಲೂ ಹಾಗೆಯೇ. "ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ?" ಎಂದು ಕೇಳುವ ಪೋಷಕರು ಪೀಠವನ್ನು ಕೈಯಲ್ಲಿ ಅಲುಗಾಡಿಸಿಯೂ ನೋಡುವುದಿಲ್ಲ.

ಈಗ ಅವಳು ಒಂದು ನಿಮಿಷದ ಫೋಟೋ ಬದಲು 10 ಸೆಕೆಂಡಿನವು ಹತ್ತಾರು ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಜೋಡಿಸುತ್ತಾಳೆ. ಅಕ್ಕಿಕಾಳು ಚುಕ್ಕಿಯಾಗಿದೆ. ಮಾರುವ ಮಾತು ನಿಂತಿದೆ. ಗ್ರಾಫಿನ ಮೂರನೇ ಅಲೆಯಲ್ಲಿ ಮಾತ್ರ ಒಂದು ಚೂಪು ಮೊನೆಯಿದೆ. ವರ್ಮಿನದಾಗಿದ್ದರೆ ಮೂರರಲ್ಲೂ ಇರಬೇಕಿತ್ತು, ಆದ್ದರಿಂದ ಚಕ್ರದ ಯಾವುದೋ ಒಂದು ಹಲ್ಲಿನದೇ ಎನ್ನುತ್ತಾಳೆ ಅವಳು. ಪರೀಕ್ಷೆ ಮುಗಿದ ಮೇಲೆ ಬಿಚ್ಚಿ ನೋಡುವುದೆಂದು ಮಾತಾಗಿದೆ.