ಅಂಗಡಿ ನಿಮ್ಮದು, ಬೀಗದ ಕೈ ಯಾರದು?

ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಬೊಂಬೆ ಮಾಡುವ ಒಂದು ಸಣ್ಣ ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಯಜಮಾನರು ಪರಿಚಯದ ಯುವಕನಿಂದ ಜಾಲತಾಣ ಮಾಡಿಸಿದರು. ಬೊಂಬೆಯ ಪೆಟ್ಟಿಗೆಗಳ ಮೇಲೆಲ್ಲ ಅದರ ವಿಳಾಸ ಅಚ್ಚಾಯಿತು. ದೂರದ ಊರುಗಳಿಂದ ಬೇಡಿಕೆಯೂ ಬರತೊಡಗಿತು. ಮೂರು ವರ್ಷಗಳ ನಂತರ ಒಂದು ದಿನ ನೋಡಿದರೆ ಆ ವಿಳಾಸದಲ್ಲಿ ಬೊಂಬೆಗಳೇ ಇಲ್ಲ! ಯುವಕ ಕೆಲಸ ಹಿಡಿದು ಬೇರೆ ಊರಿಗೆ ಹೋಗಿದ್ದ. ವಿಳಾಸವನ್ನು ಆತ ತನ್ನ ಹೆಸರಿನಲ್ಲೇ ನೋಂದಾಯಿಸಿದ್ದರಿಂದ ನವೀಕರಣದ ಎಚ್ಚರಿಕೆಗಳೆಲ್ಲ ಅವನ ಹಳೆಯ ಇ-ಮೇಲ್‌ಗೆ ಹೋಗಿದ್ದವು. ಅವಧಿ ಮುಗಿದ ಹೆಸರನ್ನು ಬೇರೆ ಯಾರೋ ಪಡೆದುಕೊಂಡಿದ್ದರು.

ಇಲ್ಲಿ ಯಾರೂ ಮೋಸ ಮಾಡಿಲ್ಲ. ಮೊದಲೇ ಕೇಳಬೇಕಿದ್ದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಅಷ್ಟೆ.

ಜಾಲತಾಣಕ್ಕೆ ಮೂರು ಅಂಗಗಳಿವೆ. ಮೊದಲನೆಯದು ಡೊಮೈನ್, ಅಂದರೆ ತಾಣದ ಹೆಸರು. ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಮನುಷ್ಯರಿಗೆ ನೆನಪಿರುವುದು ಹೆಸರು. ಹೆಸರನ್ನು ಅಂಕಿಗೆ ಬದಲಿಸುವ ವ್ಯವಸ್ಥೆಯನ್ನು 1983ರಲ್ಲಿ ಅಮೆರಿಕದ ಪಾಲ್ ಮೊಕಾಪೆಟ್ರಿಸ್ ರೂಪಿಸಿದರು. ಈ ಹೆಸರು ಶಾಶ್ವತ ಆಸ್ತಿಯಲ್ಲ. ಸಾಮಾನ್ಯವಾಗಿ ಒಮ್ಮೆಗೆ 1ರಿಂದ 10 ವರ್ಷಗಳವರೆಗೆ ನೋಂದಾಯಿಸಿ, ಅವಧಿಗೆ ಮುನ್ನ ನವೀಕರಿಸಬೇಕು. ಎರಡನೆಯದು ಹೋಸ್ಟಿಂಗ್, ಅಂದರೆ ಕಡತಗಳನ್ನು ಇಡಲು ಸರ್ವರ್‌ನಲ್ಲಿ ಪಡೆದ ಬಾಡಿಗೆ ಜಾಗ. ಮೂರನೆಯದು ಪುಟಗಳನ್ನು ನಡೆಸುವ ಪ್ರೋಗ್ರಾಂ ಮತ್ತು ಅದರೊಳಗಿನ ಬರಹ, ಚಿತ್ರಗಳು.

ಮೊದಲೆರಡನ್ನೂ ವ್ಯಾಪಾರಿಯ ಹೆಸರು, ಇ-ಮೇಲ್ ಮತ್ತು ಮೊಬೈಲ್ ಸಂಖ್ಯೆಯಲ್ಲೇ ನೋಂದಾಯಿಸಬೇಕು. ತಾಣ ಕಟ್ಟುವವರಿಗೆ ಪ್ರತ್ಯೇಕ ಪ್ರವೇಶ ಕೊಟ್ಟರೆ ಸಾಕು. ಮೂರನೆಯದರ ವಿಚಾರದಲ್ಲಿ ಕಾನೂನನ್ನೂ ತಿಳಿದಿರಬೇಕು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಹೊರಗಿನವರಿಂದ ಬರೆಸಿದ ಪ್ರೋಗ್ರಾಂನ ಮೊದಲ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆದವರದೇ. ಹಣ ಕೊಟ್ಟ ಮಾತ್ರಕ್ಕೆ ಅದು ಕೈ ಬದಲಾಗದು. ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಸಹಿಯೂ ಬೇಕು.

ಸರಿಯಾದವರನ್ನು ಆರಿಸುವುದು ಹೇಗೆ? ಅವರು ಹಿಂದೆ ಮಾಡಿದ ತಾಣಗಳನ್ನು ಸಾಧಾರಣ ಮೊಬೈಲಿನಲ್ಲಿ ತೆರೆದು ನೋಡಬೇಕು. 5 ಮೆಗಾಬೈಟ್ ತೂಗುವ ಚಿತ್ರವೆಂದರೆ 40 ಮೆಗಾಬಿಟ್. ಸೆಕೆಂಡಿಗೆ 4 ಮೆಗಾಬಿಟ್ ಸಾಗಿಸುವ ಸಂಪರ್ಕದಲ್ಲಿ ಅದು ಬರಲು 10 ಸೆಕೆಂಡು ಬೇಕು. ಅಷ್ಟು ಹೊತ್ತು ಗಿರಾಕಿ ಕಾಯುವುದು ಅನುಮಾನ. ಅದನ್ನೇ 200 ಕಿಲೋಬೈಟಿಗೆ ಇಳಿಸಿದರೆ ಅರ್ಧ ಸೆಕೆಂಡೂ ಬೇಡ. ಈ ಲೆಕ್ಕ ಬಲ್ಲವರು ಕೆಲಸ ಬಲ್ಲವರು. ಅವರ ಹಳೆಯ ಗಿರಾಕಿಗಳನ್ನೂ ವಿಚಾರಿಸಬೇಕು. ‘ಚೆನ್ನಾಗಿದೆಯೇ?’ ಎಂದಲ್ಲ, ‘ತಾಣ ಕೆಟ್ಟಾಗ ಫೋನ್ ಎತ್ತುತ್ತಾರೆಯೇ?’ ಎಂದು.

ಒಪ್ಪಂದದಲ್ಲಿ ಪುಟಗಳೆಷ್ಟು, ಮುಗಿಸುವ ದಿನ ಯಾವುದು, ವರ್ಷದ ಖರ್ಚೆಷ್ಟು, ಬೆಲೆ ಬದಲಿಸುವವರು ಯಾರು, ಕಡತಗಳ ಪ್ರತಿ ಎಲ್ಲಿರುತ್ತದೆ ಎಂಬುದೆಲ್ಲ ಇರಲಿ. ಹಣವನ್ನು ಕೆಲಸ ಸಾಗಿದಂತೆ ಕಂತಿನಲ್ಲಿ ಕೊಡುವುದು ಇಬ್ಬರಿಗೂ ಕ್ಷೇಮ. ವ್ಯಾಪಾರಿಗೂ ಒಂದು ಹೊಣೆಯಿದೆ. ಬೊಂಬೆಯ ಚಿತ್ರ, ಅಳತೆ, ಬೆಲೆಗಳನ್ನು ಹೇಳಿದ ದಿನಕ್ಕೆ ಅವನು ಒದಗಿಸದಿದ್ದರೆ ಎಂಥ ಜಾಣನೂ ತಾಣ ಕಟ್ಟಲಾರ.

ಇಂಥ ಕೆಲಸ ಅನೇಕ ಮನೆಗಳಲ್ಲಿ ಕಾಲೇಜು ಓದುವ ಮಕ್ಕಳ ಪಾಲಿಗೆ ಬರುತ್ತದೆ. ತಂದೆಯ ಅಂಗಡಿಗೆ ತಾಣ ಕಟ್ಟುವ ಮಗಳೂ ಹೆಸರನ್ನು ಅಂಗಡಿಯ ಖಾತೆಯಲ್ಲೇ ನೋಂದಾಯಿಸಿ, ನವೀಕರಣದ ದಿನಾಂಕವನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡಲಿ. ನಾಳೆ ಅವಳು ಓದಿಗೆಂದು ಊರು ಬಿಟ್ಟರೂ ಅಂಗಡಿಯ ಬಾಗಿಲು ತೆರೆದೇ ಇರುತ್ತದೆ.