ರೆಸಾರ್ಟ್ ಮೆಂಬರ್‌ಶಿಪ್ ಫ್ಯಾಮಿಲಿ ಟ್ರಸ್ಟ್‌ಗೆ ಬರೆದಿಡಬಹುದಾ? ಡೀಡ್ ಬರೆಸುವ ಮುಂಚೆ ಅಗ್ರಿಮೆಂಟ್ ತೆಗೆದು ಓದಿ

ಸಾಗರ: ಮನೆ, ಅಂಗಡಿ ಮಳಿಗೆ, ಬ್ಯಾಂಕಿನ ಡಿಪಾಸಿಟ್ಟು ಎಲ್ಲವನ್ನೂ ಒಂದು ಫ್ಯಾಮಿಲಿ ಟ್ರಸ್ಟ್‌ಗೆ ಹಾಕಿಟ್ಟರೆ ನಾಳೆ ಮಕ್ಕಳು ಕೋರ್ಟ್ ಮೆಟ್ಟಿಲು ಹತ್ತಲ್ಲ ಅನ್ನುವ ಮಾತು ಈಗ ದೊಡ್ಡ ಊರುಗಳಿಗಷ್ಟೇ ಸೀಮಿತವಾಗಿಲ್ಲ. ತಾಲೂಕಿನ ವ್ಯಾಪಾರಸ್ಥರ ಮನೆಯಲ್ಲೂ ಆಸ್ತಿ ಪಟ್ಟಿ ಮಾಡುವಾಗ ಈ ಮಾತು ಬರುತ್ತದೆ. ಪಟ್ಟಿ ಮಾಡ್ತಾ ಮಾಡ್ತಾ ಬೀರುವಿನ ಮೇಲಿನ ಅರೆಯಿಂದ ಒಂದು ದಪ್ಪನೆಯ ಬಣ್ಣದ ಫೈಲ್ ಹೊರಗೆ ಬರುತ್ತದೆ. ರೆಸಾರ್ಟ್ ಮೆಂಬರ್‌ಶಿಪ್. ವರ್ಷಕ್ಕೆ ಒಂದು ವಾರ ರೂಮು, ಇಪ್ಪತ್ತೈದು ವರ್ಷ. ಕಟ್ಟಿದ್ದು ಲಕ್ಷಗಳ ಲೆಕ್ಕದಲ್ಲಿ. ಅಷ್ಟು ದುಡ್ಡು ಕೊಟ್ಟಿದ್ದು ಅಂದ ಮೇಲೆ ಅದೂ ಆಸ್ತಿನೇ ತಾನೇ, ಅದನ್ನೂ ಟ್ರಸ್ಟ್‌ಗೆ ಸೇರಿಸಿಬಿಡೋಣ ಅಂತ ಅನ್ನಿಸುವುದು ಸಹಜ.

ಆದರೆ ಇಲ್ಲೇ ಎಡವಟ್ಟಾಗುವುದು.

ಟೈಮ್‌ಶೇರ್ ಅಂದ್ರೆ ಒಂದು ರೂಮನ್ನೋ ಕಾಟೇಜನ್ನೋ ಹಲವು ಜನ ವಾರದ ಲೆಕ್ಕದಲ್ಲಿ ಹಂಚಿಕೊಂಡು ಬಳಸುವ ಪದ್ಧತಿ. ನಮ್ಮಲ್ಲಿ ಇದನ್ನು ಯಾರೂ ಆ ಹೆಸರಲ್ಲಿ ಕರೆಯಲ್ಲ, ಹಾಲಿಡೇ ಮೆಂಬರ್‌ಶಿಪ್ ಅಂತಲೇ ರೂಢಿ. ಸ್ಟರ್ಲಿಂಗ್ 1986ರಲ್ಲಿ, ಕ್ಲಬ್ ಮಹೀಂದ್ರಾ 1996ರಲ್ಲಿ ಶುರುವಾದವು. ಆಮೇಲೆ ಸಣ್ಣಪುಟ್ಟ ಕಂಪನಿಗಳು ಬೇಕಾದಷ್ಟು ಬಂದವು. ಪೆಟ್ರೋಲ್ ಬಂಕಲ್ಲಿ, ಮಾಲ್‌ನಲ್ಲಿ ಚೀಟಿ ತುಂಬಿಸಿಕೊಂಡು, ಗಿಫ್ಟ್ ಬಂದಿದೆ ಗಂಡ ಹೆಂಡತಿ ಇಬ್ಬರೂ ಬನ್ನಿ ಅಂತ ಹೋಟೆಲ್‌ಗೆ ಕರೆಸಿ, ಮೂರು ಗಂಟೆ ಕೂರಿಸಿ ಸಹಿ ಹಾಕಿಸಿಕೊಳ್ಳುವ ಕಥೆ ಬಹಳ ಮನೆಗಳಿಗೆ ಗೊತ್ತಿರುವಂಥದ್ದೇ. ಆ ಹೊತ್ತಿನಲ್ಲಿ ಹಿಂದಿನ ಪುಟದ ಸಣ್ಣ ಅಕ್ಷರ ಓದುವವರು ಯಾರು?

ಆ ಸಣ್ಣ ಅಕ್ಷರದಲ್ಲೇ ಇರುವುದು ಇಡೀ ವಿಷಯ. ನಮ್ಮ ದೇಶದಲ್ಲಿ ಮಾರಾಟವಾದ ಮೆಂಬರ್‌ಶಿಪ್‌ಗಳಲ್ಲಿ ಬಹುಪಾಲು ಬರೀ ಬಳಕೆಯ ಹಕ್ಕು. ರೆಸಾರ್ಟಿನ ಜಾಗ ಕಂಪನಿಯದ್ದು, ಕಟ್ಟಡ ಕಂಪನಿಯದ್ದು. ಮೆಂಬರ್‌ಗೆ ಇರುವುದು ಇಷ್ಟು ವರ್ಷ, ಇಂಥ ಸೀಸನ್‌ನಲ್ಲಿ, ಇಂಥ ಅಳತೆಯ ರೂಮಲ್ಲಿ ಉಳಿಯುವ ಒಪ್ಪಂದ ಮಾತ್ರ. ಖಾತೆ ಇಲ್ಲ, ಪಹಣಿ ಇಲ್ಲ, ಇಸಿ ತೆಗೆಸಿದರೆ ಹೆಸರು ಬರಲ್ಲ. ಅವಧಿ ಮುಗಿದ ದಿನ ಕೈಯಲ್ಲಿ ಉಳಿಯುವುದು ಹಳೇ ಕಾರ್ಡು.

ಹಾಗಿದ್ರೆ ಟ್ರಸ್ಟ್‌ಗೆ ಹಾಕಲು ಬರಲ್ಲವಾ? ಬರಲ್ಲ ಅಂತ ಒಂದೇ ಮಾತಲ್ಲಿ ಹೇಳಲು ಆಗಲ್ಲ. ಫ್ಯಾಮಿಲಿ ಟ್ರಸ್ಟ್ ಅನ್ನುವುದು 1882ರ ಇಂಡಿಯನ್ ಟ್ರಸ್ಟ್ಸ್ ಆ್ಯಕ್ಟ್ ಕೆಳಗೆ ಬರುವ ಖಾಸಗಿ ಟ್ರಸ್ಟ್. ಆಸ್ತಿ ಕೊಡುವವರು ಒಬ್ಬರು, ಅದನ್ನು ನೋಡಿಕೊಳ್ಳುವ ಟ್ರಸ್ಟಿ ಒಬ್ಬರು, ಅದರ ಫಲ ಉಣ್ಣುವವರು ಮಕ್ಕಳು, ಮೊಮ್ಮಕ್ಕಳು. ಯಾರಿಗಾಗಿ, ಯಾವ ಉದ್ದೇಶಕ್ಕೆ, ಯಾವ ಆಸ್ತಿ ಅಂತ ಸ್ಪಷ್ಟವಾಗಿ ಬರೆದಿರಬೇಕು ಅನ್ನುತ್ತೆ 6ನೇ ಸೆಕ್ಷನ್. ಬರೆದರಷ್ಟೇ ಸಾಲದು, ಕೊಡುವವರೇ ಟ್ರಸ್ಟಿ ಆಗಿರದಿದ್ದರೆ ಆ ಆಸ್ತಿಯನ್ನು ಟ್ರಸ್ಟಿಗೆ ವರ್ಗಾಯಿಸಲೂಬೇಕು. 8ನೇ ಸೆಕ್ಷನ್ ಇನ್ನೊಂದು ಹೇಳುತ್ತೆ: ಟ್ರಸ್ಟ್‌ಗೆ ಹಾಕುವ ಆಸ್ತಿ ವರ್ಗಾವಣೆ ಮಾಡಲು ಬರುವಂಥದ್ದಾಗಿರಬೇಕು.

ಈಗ ಅದೇ 1882ರ ಇನ್ನೊಂದು ಕಾನೂನು, ಆಸ್ತಿ ವರ್ಗಾವಣೆ ಕಾಯ್ದೆ ತೆಗೆಯಿರಿ. ಅದರ 6ನೇ ಸೆಕ್ಷನ್ನಿನಲ್ಲಿ ವರ್ಗಾವಣೆ ಮಾಡಬಾರದವುಗಳ ಪಟ್ಟಿ ಇದೆ. ಒಬ್ಬ ವ್ಯಕ್ತಿ ಮಾತ್ರ ಸ್ವತಃ ಅನುಭವಿಸಬೇಕು ಅಂತ ಕಟ್ಟುಪಾಡು ಇರುವ ಹಕ್ಕನ್ನು ಅವನು ಬೇರೆಯವರಿಗೆ ಕೊಡುವಂತಿಲ್ಲ ಅನ್ನುವುದು ಅದರಲ್ಲಿ ಒಂದು. ಅಂದ್ರೆ ಮೆಂಬರ್‌ಶಿಪ್ ಅಗ್ರಿಮೆಂಟಿನಲ್ಲಿ ಇದು ವೈಯಕ್ತಿಕ, ವರ್ಗಾಯಿಸುವಂತಿಲ್ಲ ಅಂತ ಇದ್ದರೆ ಟ್ರಸ್ಟ್ ಡೀಡಲ್ಲಿ ಎಷ್ಟು ಚಂದವಾಗಿ ಬರೆಸಿದರೂ ಆ ಸಾಲಿಗೆ ಬೆಲೆ ಇಲ್ಲ. ಕಂಪನಿಯ ಲಿಖಿತ ಒಪ್ಪಿಗೆ ಪಡೆದು ವರ್ಗಾಯಿಸಬಹುದು ಅಂತಿದ್ದರೆ ದಾರಿ ಇದೆ. ಆದರೆ ಆಗಲೂ ಯಾರಿಗೆ ಅನ್ನುವುದನ್ನು ನೋಡಬೇಕು. ಮನುಷ್ಯರ ಹೆಸರಿಗೆ ಮಾತ್ರ ಮೆಂಬರ್‌ಶಿಪ್ ಕೊಡುವ ಕಂಪನಿ ಟ್ರಸ್ಟ್ ಹೆಸರು ನೋಡಿದ ಕೂಡಲೇ ಅರ್ಜಿ ವಾಪಸ್ ಕಳಿಸಬಹುದು. ಟ್ರಸ್ಟಿಯಾಗಿ ಇಂಥವರು ಅಂತ ಹೆಸರು ಸೇರಿಸಲು ಒಪ್ತಾರಾ ಅಂತ ಕೇಳಬೇಕು, ಬಾಯಿ ಮಾತಲ್ಲಲ್ಲ, ಇಮೇಲ್‌ನಲ್ಲಿ.

ಯೂಟ್ಯೂಬ್‌ನಲ್ಲಿ ನೋಡಿದವರು ಇದು ಬಹಳ ಸುಲಭ ಅಂತಾರೆ. ಅವರು ನೋಡಿರುವುದು ಅಮೆರಿಕದ ವಿಷಯ. ಅಲ್ಲಿ ಫ್ಲೋರಿಡಾದಂಥ ಕಡೆ ಎಷ್ಟೋ ಟೈಮ್‌ಶೇರ್‌ಗಳು ನಿಜವಾಗಲೂ ಸ್ಥಿರಾಸ್ತಿ. ಆ ಒಂದು ವಾರಕ್ಕೇ ಕ್ರಯಪತ್ರ ಇರುತ್ತದೆ, ರೆಸಾರ್ಟ್ ಇರುವ ಕೌಂಟಿಯ ದಾಖಲೆಯಲ್ಲಿ ಮಾಲೀಕರ ಹೆಸರು ಇರುತ್ತದೆ. ಮಾಲೀಕರು ಬೇರೆ ರಾಜ್ಯದಲ್ಲಿ ಇದ್ದು ತೀರಿಕೊಂಡರೆ ತಮ್ಮ ರಾಜ್ಯದ ಕೋರ್ಟಿನ ಜೊತೆಗೆ ರೆಸಾರ್ಟ್ ಇರುವ ರಾಜ್ಯದ ಕೋರ್ಟಲ್ಲೂ ವಾರಸುದಾರಿಕೆ ಪ್ರಕ್ರಿಯೆ ನಡೆಸಬೇಕಾಗಬಹುದು. ಒಂದು ವಾರದ ರೂಮಿಗೆ ಎರಡು ಕೋರ್ಟು! ಅದನ್ನು ತಪ್ಪಿಸಲು ಅಲ್ಲಿನವರು ಬದುಕಿರುವಾಗಲೇ ಹೊಸ ಡೀಡ್ ಮಾಡಿ ತಮ್ಮ ಲಿವಿಂಗ್ ಟ್ರಸ್ಟ್ ಹೆಸರಿಗೆ ಹಾಕುತ್ತಾರೆ. ಅಲ್ಲಿ ಅದಕ್ಕೆ ಅರ್ಥ ಇದೆ. ನಮ್ಮ ಕಡೆಯ ಹುಡುಗರು ಅಲ್ಲಿ ನೆಲೆಸಿ ಇಂಥದ್ದು ತಗೊಂಡಿದ್ದರೆ ಅವರು ನೋಡಬೇಕಾದ್ದು ಅಲ್ಲಿನ ಕಾನೂನು, ಇಲ್ಲಿನದ್ದಲ್ಲ. ಒಂದು ಮಾತು ಅವರಿಗೂ ಉಪಯೋಗಕ್ಕೆ ಬರುತ್ತೆ: ಅಲ್ಲಿ ವಾರಸುದಾರರಿಗೆ ಆ ಟೈಮ್‌ಶೇರ್ ಬೇಡ ಅನ್ನಿಸಿದರೆ ಲಿಖಿತವಾಗಿ ನಿರಾಕರಿಸಲು ಅವಕಾಶ ಇದೆ. ಅಮೆರಿಕದ ಕೇಂದ್ರ ತೆರಿಗೆ ಕಾನೂನು ಅದಕ್ಕೆ ಒಂಬತ್ತು ತಿಂಗಳ ಗಡುವು ಇಟ್ಟಿದೆ. ಅಷ್ಟರೊಳಗೆ ಒಮ್ಮೆ ಹೋಗಿ ಆ ರೂಮಲ್ಲಿ ಉಳಿದು ಬಂದರೆ ನಿರಾಕರಣೆ ನಿಲ್ಲಲ್ಲ.

ಬೇಡ ಅನ್ನುವವರು ಯಾಕಿರ್ತಾರೆ ಅಂತ ಕೇಳಿದರೆ, ಕಾರಣ ವಾರ್ಷಿಕ ಶುಲ್ಕ. ಈ ಫೈಲಿನಲ್ಲಿ ಎಲ್ಲರೂ ಮರೆಯುವ ಹಾಳೆ ಅದೇ. ಲೆಕ್ಕಕ್ಕೆ ಸುಮ್ಮನೆ ವರ್ಷಕ್ಕೆ 20,000 ರೂಪಾಯಿ ಅಂತ ಇಟ್ಟುಕೊಳ್ಳಿ. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿದರೆ 23,600. ಇನ್ನೂ ಹದಿನೈದು ವರ್ಷ ಬಾಕಿ ಇದ್ದರೆ 3,54,000 ರೂಪಾಯಿ. ಶುಲ್ಕ ಒಂದು ಪೈಸೆ ಏರಲ್ಲ ಅಂತ ಹಿಡಿದ ಲೆಕ್ಕ ಇದು. ಏರದೆ ಇರುತ್ತಾ? ಎಷ್ಟು ಏರಿಸಬಹುದು ಅನ್ನುವುದೂ ಅಗ್ರಿಮೆಂಟಿನಲ್ಲೇ ಇರುತ್ತದೆ, ನೋಡಿಕೊಳ್ಳಬೇಕು. ರೂಮಿಗೆ ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು. ಬಾಕಿ ಇದ್ದರೆ ಬುಕಿಂಗ್ ಸಿಗಲ್ಲ.

ಇದನ್ನು ಟ್ರಸ್ಟ್‌ಗೆ ಹಾಕಿದರೆ ಏನಾಗುತ್ತೆ ನೋಡಿ. ಅಂಗಡಿ ಮಳಿಗೆಯಿಂದ ಟ್ರಸ್ಟ್‌ಗೆ ಬಾಡಿಗೆ ಬರುತ್ತದೆ. ಮೆಂಬರ್‌ಶಿಪ್‌ನಿಂದ ಬರುವುದು ಬಿಲ್ಲು. ಮಗಳ ಓದಿಗೋ, ಕೈಲಾಗದ ತಮ್ಮನ ಔಷಧಿಗೋ ಅಂತ ಇಟ್ಟ ದುಡ್ಡಿನಿಂದ ಆ ಬಿಲ್ಲು ಕಟ್ಟಬೇಕು. ಇಬ್ಬರು ಮಕ್ಕಳಲ್ಲಿ ಒಬ್ಬ ಬೆಂಗಳೂರಲ್ಲಿದ್ದು ಪ್ರತಿ ವರ್ಷ ಹೋಗಿ ಬರ್ತಾನೆ, ಊರಲ್ಲಿ ಅಂಗಡಿ ನೋಡಿಕೊಳ್ಳುವವನಿಗೆ ಒಂದು ದಿನ ಬಾಗಿಲು ಹಾಕಲು ಪುರುಸೊತ್ತಿಲ್ಲ ಅಂದ್ರೆ, ಶುಲ್ಕ ಇಬ್ಬರ ಪಾಲಿನಿಂದಲೂ ಹೋಗುತ್ತದೆ. ಜಗಳ ಬೇಡ ಅಂತ ಮಾಡಿದ ಟ್ರಸ್ಟಿನೊಳಗೇ ಜಗಳದ ಬೀಜ ಬಿತ್ತಿದ ಹಾಗೆ. ಇನ್ನು ಟ್ರಸ್ಟಿ ಆದವರು ತಮ್ಮ ಸ್ವಂತ ಲಾಭಕ್ಕೆ ಟ್ರಸ್ಟಿನ ಆಸ್ತಿ ಬಳಸುವಂತಿಲ್ಲ ಅಂತ 51ನೇ ಸೆಕ್ಷನ್ ಹೇಳುತ್ತೆ. ಟ್ರಸ್ಟಿಯಾದ ಸೋದರಮಾವ ತನ್ನ ಸಂಸಾರ ಕರೆದುಕೊಂಡು ಮಡಿಕೇರಿಗೆ ಹೋಗಿ ಬಂದರೆ ಯಾರಾದರೂ ಕೇಳಿಯೇ ಕೇಳ್ತಾರೆ.

ಬರೀ ಈ ಮೆಂಬರ್‌ಶಿಪ್‌ಗೋಸ್ಕರ ಹೊಸದಾಗಿ ಟ್ರಸ್ಟ್ ಮಾಡಲು ಹೊರಟರಂತೂ ಮೂಗಿಗಿಂತ ಮೂಗುತಿ ಭಾರ. ಡೀಡ್ ಬರೆಸಬೇಕು, ಮುದ್ರಾಂಕ ಶುಲ್ಕ ಕಟ್ಟಬೇಕು, ಟ್ರಸ್ಟ್ ಹೆಸರಲ್ಲಿ ಬೇರೆ ಪ್ಯಾನ್, ಬೇರೆ ಬ್ಯಾಂಕ್ ಖಾತೆ, ವರ್ಷಾ ವರ್ಷ ಆಡಿಟರ್ ಹತ್ತಿರ ಓಡಾಟ. ಬೇರೆ ಆಸ್ತಿಗಳಿಗಾಗಿ ಟ್ರಸ್ಟ್ ಹೇಗೂ ಆಗ್ತಾ ಇದೆ ಅಂದ್ರೆ ಮಾತ್ರ ಇದರ ಬಗ್ಗೆ ಯೋಚನೆ ಮಾಡಬಹುದು. ಆಗಲೂ ಒಮ್ಮೆ ಕೊಟ್ಟಿದ್ದನ್ನು ವಾಪಸ್ ತಗೊಳ್ಳುವುದು ಸುಲಭ ಅಲ್ಲ. ರದ್ದು ಮಾಡುವ ಅಧಿಕಾರ ನನಗಿದೆ ಅಂತ ಡೀಡಿನಲ್ಲೇ ಬರೆಸಿಕೊಂಡಿರಬೇಕು, ಇಲ್ಲವೇ ವಯಸ್ಸಿಗೆ ಬಂದ ಫಲಾನುಭವಿಗಳೆಲ್ಲ ಒಪ್ಪಬೇಕು.

ಕಂಪನಿ ಒಪ್ಪಿದರೆ ಮುಂದಿನ ಕೆಲಸ ದೊಡ್ಡದಲ್ಲ. ಇಎಂಐ ಮತ್ತು ವಾರ್ಷಿಕ ಬಾಕಿ ಚುಕ್ತಾ ಮಾಡಿ, ಅವರ ವರ್ಗಾವಣೆ ಅರ್ಜಿ ತುಂಬಿ, ಟ್ರಸ್ಟ್ ಡೀಡಿನ ಪ್ರತಿ, ಟ್ರಸ್ಟಿಯ ಗುರುತಿನ ದಾಖಲೆ, ವರ್ಗಾವಣೆ ಶುಲ್ಕ ಕೊಟ್ಟು, ಕಂಪನಿ ದಾಖಲೆಯಲ್ಲಿ ಹೆಸರು ಬದಲಾದ ಪತ್ರ ಕೈಗೆ ಬರುವ ತನಕ ಬಿಡಬಾರದು. ಬಳಕೆಯ ಹಕ್ಕು ಮಾತ್ರ ಇರುವ ಮೆಂಬರ್‌ಶಿಪ್ ಸ್ಥಿರಾಸ್ತಿ ಅಲ್ಲದ ಕಾರಣ ಅದಕ್ಕಾಗಿಯೇ ಟ್ರಸ್ಟ್ ಡೀಡ್ ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ಆದರೆ ನಿಮ್ಮ ಫೈಲಲ್ಲಿ ನೋಂದಣಿಯಾದ ಕ್ರಯಪತ್ರ ಇದ್ದು, ವಿಲ್ಲಾದಲ್ಲೋ ಜಾಗದಲ್ಲೋ ಪಾಲು ಅಂತ ಬರೆದಿದ್ದರೆ ಅದು ಬೇರೆಯೇ ಲೆಕ್ಕ. ಸ್ಥಿರಾಸ್ತಿಯನ್ನು ಬದುಕಿರುವಾಗ ಟ್ರಸ್ಟ್‌ಗೆ ಹಾಕಲು ನೋಂದಾಯಿತ ಪತ್ರ ಬೇಕೇ ಬೇಕು. ಅದೂ ಆಸ್ತಿ ಇರುವ ಕಡೆ. ರಾಜ್ಯದಲ್ಲಿ 2024ರಿಂದ ಜಿಲ್ಲೆಯ ಯಾವ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಾದರೂ ನೋಂದಣಿ ಮಾಡಿಸಬಹುದು, ಆದರೆ ಕೊಡಗಿನ ಆಸ್ತಿಗೆ ಕೊಡಗು ಜಿಲ್ಲೆಗೇ ಹೋಗಬೇಕು, ಸಾಗರದಲ್ಲಿ ಆಗಲ್ಲ.

ಇನ್ನೊಂದು ತೊಡಕು ವ್ಯಾಪಾರಸ್ಥರದ್ದು. ಮೆಂಬರ್‌ಶಿಪ್ಪಿನ ಬಿಲ್ಲು ಅಂಗಡಿ ಹೆಸರಲ್ಲಿ, ಪಾರ್ಟ್‌ನರ್‌ಶಿಪ್ ಫರ್ಮಿನ ಚೆಕ್ಕಿನಲ್ಲಿ ಆಗಿದ್ದರೆ ಅದು ಫರ್ಮಿನದ್ದು. ಅಣ್ಣ ಒಬ್ಬನೇ ಅದನ್ನು ತನ್ನ ಮಕ್ಕಳ ಟ್ರಸ್ಟ್‌ಗೆ ಬರೆಯಲು ಬರಲ್ಲ.

ಇಷ್ಟೆಲ್ಲ ರಗಳೆ ಇಲ್ಲದೆ ಆಗುವ ದಾರಿಗಳೂ ಇವೆ. ನಿಜವಾಗಲೂ ತಿರುಗಾಡುವ ಮಗಳೋ ಮಗನೋ ಇದ್ದರೆ, ಕಂಪನಿ ನಿಯಮ ಒಪ್ಪಿದರೆ ಈಗಲೇ ನೇರವಾಗಿ ಅವರ ಹೆಸರಿಗೆ ವರ್ಗಾಯಿಸುವುದು. ಶುಲ್ಕ ಕಟ್ಟುವವರು, ಬಳಸುವವರು ಒಬ್ಬರೇ ಆಗ್ತಾರೆ. ಅಥವಾ ವಿಲ್‌ನಲ್ಲಿ ಒಂದು ಸಾಲು ಬರೆಯುವುದು. ವಿಲ್‌ಗೆ ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ, ನೋಂದಣಿ ಕಡ್ಡಾಯ ಅಲ್ಲ. ನಾಮಿನಿ ಹೆಸರು ಕೊಟ್ಟಿದ್ದೇವಲ್ಲ ಸಾಕು ಅಂತ ಕೂರುವವರು ಒಂದು ತಿಳಿದಿರಲಿ: ನಾಮಿನಿ ಅಂದ್ರೆ ಮಾಲೀಕ ಅಲ್ಲ. ವಿಮೆ ಹಣದ ವಿಷಯದಲ್ಲಿ 1984ರಲ್ಲಿ, ಷೇರುಗಳ ವಿಷಯದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದನ್ನೇ.

ತಂದೆ ತೀರಿಕೊಂಡ ಮೇಲೆ ಬಾಕಿ ಬಿಲ್ಲು ಮನೆಗೆ ಬಂತು ಅಂತ ಹೆದರಿ ಕಟ್ಟಲು ಓಡಬೇಕಿಲ್ಲ. ತೀರಿಕೊಂಡವರ ಬಾಕಿಗೆ ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ವಾರಸುದಾರರು ಹೊಣೆ, ಸ್ವಂತ ದುಡಿಮೆಗೆ ಕೈ ಹಾಕುವಂತಿಲ್ಲ. ಆದರೆ ಜಂಟಿ ಮೆಂಬರ್ ಅಂತ ಮಗನೂ ಸಹಿ ಹಾಕಿದ್ದರೆ ಆ ಮಾತು ನಡೆಯಲ್ಲ, ಆಗ ಅವನೇ ಹೊಣೆಗಾರ.

ಇನ್ನು ಫೋನ್ ಕರೆಗಳು. ನಿಮ್ಮ ಮೆಂಬರ್‌ಶಿಪ್ ಕೊಳ್ಳಲು ಪಾರ್ಟಿ ರೆಡಿ ಇದ್ದಾರೆ, ಟ್ರಾನ್ಸ್‌ಫರ್ ಮಾಡಿಸಿಕೊಡ್ತೀವಿ, ಮೊದಲು ಎನ್‌ಒಸಿ ಶುಲ್ಕ ಹಾಕಿ, ಜಿಎಸ್‌ಟಿ ಹಾಕಿ, ಆಮೇಲೆ ಅದೂ ವಾಪಸ್ ಬರುತ್ತೆ ಅಂತ ಹಿಂದಿಯಲ್ಲೋ ಇಂಗ್ಲಿಷಲ್ಲೋ ನಯವಾಗಿ ಮಾತಾಡ್ತಾರೆ. ಮೆಂಬರ್‌ಶಿಪ್ ನಂಬರ್ ಕೂಡ ಸರಿಯಾಗಿ ಹೇಳಬಹುದು. ಹಾಗಂತ ಅವರು ಕಂಪನಿಯವರೇ ಅಂತಲ್ಲ. ಅಗ್ರಿಮೆಂಟಿನಲ್ಲಿರುವ ಕಂಪನಿಯ ನಂಬರಿಗೆ ನೀವೇ ಫೋನ್ ಮಾಡಿ ವಿಚಾರಿಸುವ ತನಕ ಒಂದು ರೂಪಾಯಿ ಹಾಕಬೇಡಿ. ಹಾಕಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ವರ್ಗಾವಣೆಗೆ ಅಗ್ರಿಮೆಂಟಿನಲ್ಲಿ ಅವಕಾಶ ಇದ್ದೂ ಕಂಪನಿ ಸತಾಯಿಸಿದರೆ ಗ್ರಾಹಕ ಸಹಾಯವಾಣಿ 1915 ಇದೆ. ಅದರಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಕಂಪನಿ ಆಫೀಸು ಮುಂಬೈಯಲ್ಲಿರಲಿ ಚೆನ್ನೈಯಲ್ಲಿರಲಿ, 2019ರ ಕಾಯ್ದೆ ಪ್ರಕಾರ ದೂರುದಾರರು ಇರುವ ಜಿಲ್ಲೆಯಲ್ಲೇ, ಅಂದ್ರೆ ನಮಗೆ ಶಿವಮೊಗ್ಗದಲ್ಲೇ ದೂರು ಕೊಡಬಹುದು. ಕಟ್ಟಿದ ಮೊತ್ತ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗಕ್ಕೆ ಬರುತ್ತದೆ, 5 ಲಕ್ಷದ ತನಕ ಶುಲ್ಕವೂ ಇಲ್ಲ. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಆಗಿಯೂ ಸಲ್ಲಿಸಬಹುದು. ಅಗ್ರಿಮೆಂಟಿನ ಪ್ರತಿ ಮತ್ತು ಹಣ ಕಟ್ಟಿದ ರಸೀದಿಗಳ ಜೊತೆ ಕಂಪನಿ ಕಳಿಸಿದ ಇಮೇಲ್‌ಗಳನ್ನೂ ಪ್ರಿಂಟ್ ತೆಗೆದಿಟ್ಟುಕೊಂಡಿರಬೇಕು.